ನೆಲಕ್ಕಿಳಿದ ಪೆಟ್ರೋಲ್: ಕಾರ್ಖಾನೆ ಜಾಗದ ಮಣ್ಣು, ಅಂತರ್ಜಲ ಸ್ವಚ್ಛ ಮಾಡುವ ಕ್ರಮ

"ನೆಲದಡಿಯ ಟ್ಯಾಂಕ್ ಸೋರಿದೆ. ಆವರಣದ ಬೋರ್‌ವೆಲ್ ನೀರು ಪೆಟ್ರೋಲ್ ವಾಸನೆ ಹೊಡೆಯುತ್ತಿದೆ. ಒಂದೆರಡು ತಿಂಗಳು ಪಂಪ್ ಹಾಕಿ ನೀರು ಎತ್ತಿದರೆ ಸರಿಹೋಗುತ್ತಾ?" ಕಾರ್ಖಾನೆ ನಡೆಸುವವರು, ಸೈಟ್ ಎಂಜಿನಿಯರುಗಳು, ಹಳೇ ಕಾರ್ಖಾನೆ ಜಾಗ ಕೊಳ್ಳಲು ಹೊರಟವರು ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇದನ್ನೇ. ಸರಿಹೋಗುವುದಿಲ್ಲ. ಯಾಕೆ ಅನ್ನುವುದು ತಿಳಿದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದೂ ತಿಳಿಯುತ್ತದೆ. ಅದಕ್ಕೇ ಹಂತಗಳಿಗೆ ಹೋಗುವ ಮುಂಚೆ ಸ್ವಲ್ಪ ನೆಲದಡಿ ನೋಡೋಣ.

ಸೋರಿದ ಪೆಟ್ರೋಲ್ ಹೋಗುವುದೆಲ್ಲಿಗೆ?

ಪೆಟ್ರೋಲ್ ನೀರಿಗಿಂತ ಹಗುರ. ಒಂದು ಲೀಟರ್ ಸುಮಾರು 750 ಗ್ರಾಂ ತೂಗುತ್ತದೆ. ಸೋರಿದ್ದು ಮಣ್ಣಿನ ಸಂದುಗಳಲ್ಲಿ ಇಳಿಯುತ್ತಾ, ಅಂತರ್ಜಲ ಸಿಕ್ಕಿದ ಕೂಡಲೇ ಅದರ ಮೇಲೆ ತೇಲಿ ಅಗಲವಾಗುತ್ತದೆ. ಇಳಿಯುವ ದಾರಿಯಲ್ಲೆಲ್ಲ ಮಣ್ಣಿನ ಕಣಗಳಿಗೆ ಅಂಟಿಕೊಂಡು ಉಳಿಯುತ್ತದೆ. ಒಂದು ಪಾಲು ಆವಿಯಾಗಿ ಮಣ್ಣಿನೊಳಗಿನ ಗಾಳಿ ಸೇರುತ್ತದೆ. ಇನ್ನೊಂದು ಚಿಕ್ಕ ಪಾಲು ನೀರಿನಲ್ಲಿ ಕರಗಿ, ನೀರು ಹರಿಯುವ ದಿಕ್ಕಿಗೆ ಉದ್ದಕ್ಕೆ ಸಾಗುತ್ತದೆ.

ಅಂದರೆ ಒಂದೇ ಪೆಟ್ರೋಲ್ ನೆಲದಡಿ ನಾಲ್ಕು ರೂಪದಲ್ಲಿರುತ್ತದೆ: ತೇಲುವುದು, ಅಂಟಿದ್ದು, ಆವಿ, ಕರಗಿದ್ದು. ನಮ್ಮ ಮೂಗಿಗೆ, ಬಾಯಿಗೆ ಗೊತ್ತಾಗುವುದು ಕೊನೆಯ ಎರಡು. ಆದರೆ ಸರಕೆಲ್ಲ ಇರುವುದು ಮೊದಲ ಎರಡರಲ್ಲಿ. ತೇಲುವುದನ್ನು ಪೂರ್ತಿ ತೆಗೆದ ಮೇಲೂ ಅಂಟಿದ್ದು ಬಿಡುವುದಿಲ್ಲ. ಒದ್ದೆ ಬಟ್ಟೆಯನ್ನು ಎಷ್ಟು ಹಿಂಡಿದರೂ ಕೊನೆಯ ತೇವ ಹೋಗುವುದು ಗಾಳಿಗೆ ಹರವಿದಾಗಲೇ ಅಲ್ವಾ? ಇಲ್ಲೂ ಹಾಗೆಯೇ.

ಒಂದು ಲೆಕ್ಕ ಹಾಕಿ ನೋಡಿ. ಪಂಪಿನಿಂದ ಎತ್ತಿದ ಪ್ರತಿ ಲೀಟರ್ ನೀರಿನಲ್ಲಿ 20 ಮಿಲಿಗ್ರಾಂ ಪೆಟ್ರೋಲ್ ಕರಗಿದೆ ಅಂದುಕೊಳ್ಳಿ. ಅದು ಕಮ್ಮಿಯೇನಲ್ಲ, ಗಾಢವಾಗಿ ವಾಸನೆ ಹೊಡೆಯುವ ನೀರು. ಆ ಲೆಕ್ಕದಲ್ಲಿ ಒಂದು ಲೀಟರ್ ಪೆಟ್ರೋಲ್ ಹೊರಗೆ ಬರಬೇಕಾದರೆ 37,500 ಲೀಟರ್ ನೀರು ಎತ್ತಬೇಕು. ಸೋರಿದ್ದು 2,000 ಲೀಟರ್ ಆಗಿದ್ದರೆ ಏಳೂವರೆ ಕೋಟಿ ಲೀಟರ್! ಅದೂ ನೀರು ಕೊನೇವರೆಗೆ ಅಷ್ಟೇ ಗಾಢವಾಗಿ ಬರುತ್ತಿದ್ದರೆ. ನಿಜದಲ್ಲಿ ದಿನ ಕಳೆದ ಹಾಗೆ ಅದು ತೆಳುವಾಗುತ್ತಾ ಹೋಗುತ್ತದೆ, ಎತ್ತಬೇಕಾದ ನೀರು ಇನ್ನೂ ಜಾಸ್ತಿಯಾಗುತ್ತದೆ.

ಆದ್ದರಿಂದ ಕ್ರಮ ಹೀಗಿರಬೇಕು: ಸೋರಿಕೆ ನಿಲ್ಲಿಸು, ತೇಲುವುದನ್ನು ತೆಗೆ, ಅಂಟಿದ್ದನ್ನು ಗಾಳಿಯಿಂದ ಬಿಡಿಸು, ಕೊನೆಗೆ ನೀರಿನ ಕಡೆ ತಿರುಗು. ಹೆಚ್ಚಿನವರು ಹಣ ಕಳೆದುಕೊಳ್ಳುವುದು ಇದನ್ನು ತಲೆಕೆಳಗು ಮಾಡಿ.

ಹಂತ 1: ಮೊದಲ ದಿನದ ಕೆಲಸ

ಗಾಳಿಯಲ್ಲಿ ಪೆಟ್ರೋಲ್ ಆವಿ ನೂರಕ್ಕೆ 1.4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಈ ಕನಿಷ್ಠ ಮಟ್ಟಕ್ಕೆ ಎಲ್‌ಇಎಲ್ ಅನ್ನುತ್ತಾರೆ. ಸೈಟಿನಲ್ಲಿ ಹಿಡಿದು ಓಡಾಡುವ ಗ್ಯಾಸ್ ಮೀಟರ್ ತೋರಿಸುವುದು ಈ ಮಟ್ಟದ ಶೇಕಡಾವಾರು ಲೆಕ್ಕವನ್ನೇ. ಮೀಟರಿನಲ್ಲಿ 10 ಬಂದರೆ ಕೆಲಸ ನಿಲ್ಲಿಸಿ ಕಾರಣ ಹುಡುಕಿ. ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹಾಗಾಗಿ ಅದು ಮೇಲೇರದೆ ಗುಂಡಿ, ಮ್ಯಾನ್‌ಹೋಲ್, ಕೇಬಲ್ ಕಾಲುವೆ, ನೆಲಮಾಳಿಗೆ ಹುಡುಕಿಕೊಂಡು ಹೋಗಿ ಕೂರುತ್ತದೆ. ಅಂಥ ಕಡೆ ಮೀಟರ್ ಇಳಿಬಿಟ್ಟು ನೋಡದೆ ಯಾರನ್ನೂ ಇಳಿಸಬೇಡಿ.

ಚರಂಡಿಯ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. 1992ರ ಏಪ್ರಿಲ್ 22ರಂದು ಮೆಕ್ಸಿಕೊದ ಗ್ವಾಡಲಹಾರಾದಲ್ಲಿ ಚರಂಡಿ ಸೇರಿದ್ದ ಪೆಟ್ರೋಲ್ ಸ್ಫೋಟಿಸಿ ಕಿಲೋಮೀಟರುಗಟ್ಟಲೆ ಬೀದಿ ಕಿತ್ತುಹೋಯಿತು, 200ಕ್ಕೂ ಹೆಚ್ಚು ಜನ ಸತ್ತರು. ವಾಸನೆ ಬರುತ್ತಿದೆ ಅಂತ ಜನ ಅದಕ್ಕೂ ಮುಂಚೆಯೇ ದೂರು ಕೊಟ್ಟಿದ್ದರು. ನಿಮ್ಮ ಆವರಣದ ಚರಂಡಿಯಲ್ಲಿ ವಾಸನೆ ಬಂದರೆ ಮೊದಲು ಅಗ್ನಿಶಾಮಕ ದಳಕ್ಕೆ ಹೇಳಿ, ಆಮೇಲೆ ಮಾಲಿನ್ಯ ನಿಯಂತ್ರಣ ಇಲಾಖೆಗೆ. ಮುಚ್ಚಿಟ್ಟು ಒಳಗೊಳಗೇ ಸರಿಮಾಡಿಕೊಳ್ಳುವ ಯೋಚನೆ ಬಿಡಿ. ಬಹಳಷ್ಟು ಕಡೆ ಸೋರಿಕೆ ತಿಳಿಸಲು ಕಾನೂನಿನಲ್ಲೇ ಗಡುವು ಇರುತ್ತದೆ.

ಜೊತೆಗೇ ಸೋರಿಕೆ ನಿಲ್ಲಿಸಬೇಕು. ಟ್ಯಾಂಕ್ ಖಾಲಿ ಮಾಡಿಸಿ, ಟ್ಯಾಂಕ್ ಮತ್ತು ಪೈಪ್ ಎರಡಕ್ಕೂ ಒತ್ತಡದ ಪರೀಕ್ಷೆ ಮಾಡಿಸಿ. ಎಲ್ಲರೂ ಟ್ಯಾಂಕನ್ನೇ ಬೈಯುತ್ತಾರೆ, ಆದರೆ ಪೈಪಿನ ಜೋಡಣೆಗಳಲ್ಲಿ ಸೋರುವುದೂ ಅಷ್ಟೇ ಸಾಮಾನ್ಯ. ಟ್ಯಾಂಕ್ ಬದಲಿಸಿ, ಸೋರುವ ಪೈಪ್ ಹಾಗೇ ಬಿಟ್ಟು, ಕೆಳಗೆ ಶುದ್ಧೀಕರಣ ಯಂತ್ರ ಓಡಿಸುವುದಕ್ಕೆ ಅರ್ಥವಿಲ್ಲ.

ಹಂತ 2: ಕಾಗದ, ನಕ್ಷೆ, ಅಕ್ಕಪಕ್ಕ

ಕೊರೆಯುವ ಯಂತ್ರ ತರಿಸುವ ಮುಂಚೆ ಮೇಜಿನ ಮೇಲೆ ಮುಗಿಸಬೇಕಾದ ಕೆಲಸ ಇದು. ಟ್ಯಾಂಕ್ ಯಾವಾಗ ಹೂತದ್ದು, ಅದರಲ್ಲಿ ಏನೇನು ತುಂಬಿದ್ದರು, ಸ್ಟಾಕ್ ಪುಸ್ತಕದಲ್ಲಿ ಲೆಕ್ಕಕ್ಕೆ ಸಿಗದೆ ಹೋದದ್ದೆಷ್ಟು, ನೆಲದಡಿ ಯಾವ ಪೈಪು, ಯಾವ ಕೇಬಲ್ ಎಲ್ಲಿ ಹೋಗಿದೆ, ಸುತ್ತ ಯಾರ ಬಾವಿ, ಬೋರ್‌ವೆಲ್ ಇದೆ, ಕೆರೆ ಹಳ್ಳ ಎಷ್ಟು ದೂರ ಎಲ್ಲವನ್ನೂ ಒಂದೇ ನಕ್ಷೆಯ ಮೇಲೆ ತನ್ನಿ. ಕುಡಿಯುವ ನೀರಿನ ಬಾವಿ ಇದ್ದರೆ ಅದರ ನೀರನ್ನು ಮೊದಲ ವಾರವೇ ಲ್ಯಾಬಿಗೆ ಕಳಿಸಿ. ಫಲಿತಾಂಶ ಬರುವ ತನಕ ಬೇರೆ ನೀರಿನ ವ್ಯವಸ್ಥೆ ಮಾಡಿ.

ಪೆಟ್ರೋಲಿನ ವಯಸ್ಸೂ ಮುಖ್ಯ. ಹಳೇ ಕಾಲದ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು, ಅದರ ಜೊತೆಗೆ ಎಥಿಲಿನ್ ಡೈಬ್ರೋಮೈಡ್ ಅನ್ನುವ ವಿಷವೂ. ಆಮೇಲೆ ಬಂದದ್ದರಲ್ಲಿ ಎಂಟಿಬಿಇ ಅನ್ನುವ ಬೆರಕೆ ಇರಬಹುದು. ಇತ್ತೀಚಿನದರಲ್ಲಿ ಎಥನಾಲ್. ಲ್ಯಾಬಿಗೆ ಸುಮ್ನೆ "ಪೆಟ್ರೋಲ್ ಇದೆಯಾ ನೋಡಿ" ಅಂದರೆ ಇವು ಯಾವುವೂ ವರದಿಯಲ್ಲಿ ಬರುವುದಿಲ್ಲ. ಹೆಸರು ಹಿಡಿದು ಕೇಳಬೇಕು.

ಯಾವಾಗಲೂ ಕೇಳಬೇಕಾದ್ದು ಬಿಟಿಇಎಕ್ಸ್. ಬೆಂಜೀನ್, ಟಾಲ್ಯೂಯೀನ್, ಈಥೈಲ್‌ಬೆಂಜೀನ್, ಜೈಲೀನ್ ಎಂಬ ನಾಲ್ಕರ ಗುಂಪು ಇದು. ಪೆಟ್ರೋಲಿನಲ್ಲಿ ನೀರಿಗೆ ಸುಲಭವಾಗಿ ಇಳಿಯುವವು ಇವು. ಇವುಗಳಲ್ಲಿ ಬೆಂಜೀನ್ ಕ್ಯಾನ್ಸರ್ ತರುತ್ತದೆ. ಕುಡಿಯುವ ನೀರಿನಲ್ಲಿ ಬೆಂಜೀನಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಂದರೆ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲು. ಪೆಟ್ರೋಲಿನಲ್ಲಿ ನೂರಕ್ಕೆ ಒಂದು ಪಾಲು ಬೆಂಜೀನ್ ಇದ್ದರೂ, ಒಂದು ಲೀಟರ್ ಪೆಟ್ರೋಲಿನ ಬೆಂಜೀನ್ ಸುಮಾರು 9 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು.

ಹಂತ 3: ಕೊರೆದು ನೋಡುವುದು

ಇಡೀ ಯೋಜನೆ ನಿಂತಿರುವುದು ಈ ಹಂತದ ಮೇಲೆ. ಇಲ್ಲಿ ಉಳಿಸಿದ ಹಣಕ್ಕೆ ಮುಂದೆ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ಮೊದಲ ಒಂದೂವರೆ ಮೀಟರನ್ನು ಕೈಯಿಂದಲೇ ಅಗೆಸಿ. ನಕ್ಷೆಯಲ್ಲಿ ಇಲ್ಲದ ಕೇಬಲ್ಲು, ಪೈಪು ಸಿಗುವುದು ಅಲ್ಲೇ. ಆಮೇಲೆ ಯಂತ್ರ ಇಳಿಸಿ, ಮಣ್ಣಿನ ಕಂಬವನ್ನು ಅಖಂಡವಾಗಿ ಮೇಲೆತ್ತಿ ಪದರ ಪದರ ನೋಡಿ ಬರೆಯಬೇಕು: ಎಲ್ಲಿಯವರೆಗೆ ಮರಳು, ಎಲ್ಲಿಂದ ಜೇಡಿ, ಎಲ್ಲಿ ಬಣ್ಣ ಬೂದಿಗೆ ತಿರುಗಿದೆ. ಒಂದು ಅಂಗೈ ಅಗಲದ ಜೇಡಿ ಪದರ ಪೆಟ್ರೋಲನ್ನು ಪಕ್ಕಕ್ಕೆ ಹತ್ತು ಮೀಟರ್ ಒಯ್ದುಬಿಡಬಹುದು. ಹಾಗಾಗಿ ಈ ಟಿಪ್ಪಣಿ ಬರೆಯುವವರಿಗೆ ಮಣ್ಣು ಗೊತ್ತಿರಬೇಕು.

ಯಾವ ಆಳದ ಮಣ್ಣನ್ನು ಲ್ಯಾಬಿಗೆ ಕಳಿಸಬೇಕು ಅಂತ ತೀರ್ಮಾನಿಸಲು ಪಿಐಡಿ ಎಂಬ ಕೈ ಉಪಕರಣ ಬಳಸುತ್ತಾರೆ. ಅತಿನೇರಳೆ ದೀಪದ ಸಹಾಯದಿಂದ ಅದು ಗಾಳಿಯಲ್ಲಿನ ಆವಿಯನ್ನು ಅಳೆಯುತ್ತದೆ. ಒಂದು ಹಿಡಿ ಮಣ್ಣನ್ನು ಜಿಪ್ ಚೀಲಕ್ಕೆ ಹಾಕಿ ಬಾಯಿ ಮುಚ್ಚಿ, ಹೆಂಟೆ ಒಡೆಯುವ ಹಾಗೆ ಹಿಸುಕಿ, ಹತ್ತು ನಿಮಿಷ ಬಿಟ್ಟು, ಮೂಲೆಯಲ್ಲಿ ಸಣ್ಣಗೆ ತೆರೆದು ಉಪಕರಣದ ಮೂತಿ ತೂರಿಸಿ ಅಂಕಿ ಓದಿ. ಇದು ಹೋಲಿಕೆಗೆ ಮಾತ್ರ. ಬೆಂಜೀನ್ ಎಷ್ಟು ಅಂತ ಪಿಐಡಿ ಬಿಡಿಸಿ ಹೇಳುವುದಿಲ್ಲ, ತೇವ ಜಾಸ್ತಿಯಿದ್ದರೆ ತಪ್ಪೂ ಹೇಳುತ್ತದೆ.

ಲ್ಯಾಬಿಗೆ ಹೋಗುವ ಮಣ್ಣನ್ನು ಮಾತ್ರ ಚೀಲದಲ್ಲಿ ಕಟ್ಟಿ ಕಳಿಸಬೇಡಿ. ಅದು ತಲುಪುವಷ್ಟರಲ್ಲಿ ಅಳೆಯಬೇಕಾದ್ದೆಲ್ಲ ಹಾರಿಹೋಗಿ ವರದಿ "ಚೆನ್ನಾಗಿದೆ" ಅಂತ ಬರುತ್ತದೆ. ಮಣ್ಣನ್ನು ಹೊರತೆಗೆದ ಕೂಡಲೇ ಸಣ್ಣ ಕೊಳವೆಯಿಂದ ತಿರುಳಿನ ಭಾಗ ತೆಗೆದು, ಮೆಥನಾಲ್ ಇರುವ, ತೂಕ ಬರೆದ ಸೀಸೆಗೆ ಹಾಕಿ ಮುಚ್ಚಬೇಕು. ನೀರಿಗೆ 40 ಮಿಲಿಲೀಟರಿನ ಗಾಜಿನ ಸೀಸೆ. ಕೆಡದಿರಲು ಅದರಲ್ಲಿ ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಸೀಸೆಯನ್ನು ಅಂಚಿನ ಮೇಲೆ ನೀರು ಉಬ್ಬಿ ನಿಲ್ಲುವವರೆಗೆ ನಿಧಾನಕ್ಕೆ ತುಂಬಿ, ಮುಚ್ಚಳ ಬಿಗಿದು, ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ ನೋಡಿ. ಗುಳ್ಳೆ ಎದ್ದರೆ ಆ ಸೀಸೆ ಬಿಟ್ಟು ಹೊಸದರಲ್ಲಿ ತುಂಬಿ. ಐಸ್ ಪೆಟ್ಟಿಗೆಯಲ್ಲಿ ಸುಮಾರು 4 ಡಿಗ್ರಿಯಲ್ಲಿಟ್ಟು ಬೇಗ ಕಳಿಸಿ. ಆಮ್ಲ ಹಾಕಿದ ನೀರಿಗೆ 14 ದಿನಗಳ ಗಡುವು.

ವೀಕ್ಷಣಾ ಬಾವಿಗಳು

ಕೊರೆದ ರಂಧ್ರಗಳಲ್ಲಿ ಕೆಲವನ್ನು ವೀಕ್ಷಣಾ ಬಾವಿ ಮಾಡುತ್ತಾರೆ. ತೆಳ್ಳನೆಯ ಪೈಪ್ ಇಳಿಸಿ, ಕೆಳಭಾಗಕ್ಕೆ ಸೀಳುಗಳಿರುವ ಪೈಪ್ ಕೊಟ್ಟು, ಸುತ್ತ ಮರಳು ತುಂಬಿ, ಮೇಲೆ ಬೆಂಟೊನೈಟ್ ಹಾಕುತ್ತಾರೆ. ಬೆಂಟೊನೈಟ್ ಅಂದರೆ ನೀರು ಕುಡಿದು ಊದಿಕೊಂಡು ಸಂದು ಮುಚ್ಚುವ ಒಂದು ಜೇಡಿ. ಇದನ್ನು ಬಿಟ್ಟರೆ ಮೇಲಿನ ಕೊಳಕು ಬಾವಿಯ ಪಕ್ಕದಿಂದಲೇ ಕೆಳಗಿಳಿಯುತ್ತದೆ. ಪೈಪುಗಳನ್ನು ತಿರುಪಿನಿಂದ ಜೋಡಿಸಿ, ಪಿವಿಸಿ ಅಂಟು ಬೇಡ. ಅದರ ದ್ರಾವಕ ನಿಮ್ಮ ಲ್ಯಾಬ್ ವರದಿಯಲ್ಲಿ ಕಾಣಿಸಿಕೊಂಡು ತಲೆನೋವು ತರುತ್ತದೆ.

ಸೀಳು ಪೈಪ್ ನೀರಿನ ಮಟ್ಟದ ಮೇಲೂ ಕೆಳಗೂ ಇರಬೇಕು, ಮಳೆಗಾಲದ ಎತ್ತರದ ಮಟ್ಟಕ್ಕೂ ಬೇಸಿಗೆಯ ತಗ್ಗಿನ ಮಟ್ಟಕ್ಕೂ ಸಾಲುವಂತೆ. ನೀರು ಸೀಳಿಗಿಂತ ಮೇಲೇರಿಬಿಟ್ಟರೆ ತೇಲುವ ಪೆಟ್ರೋಲ್ ಬಾವಿಯೊಳಗೆ ಬರುವುದಕ್ಕೆ ದಾರಿಯೇ ಇಲ್ಲ. ಆಗ ಬಾವಿ ಖಾಲಿ ಕಾಣುತ್ತದೆ, ನೀವು "ಪೆಟ್ರೋಲ್ ಇಲ್ಲ" ಅಂತ ಬರೆದುಕೊಳ್ಳುತ್ತೀರಿ.

ಕನಿಷ್ಠ ಮೂರು ಬಾವಿ ಬೇಕು, ತ್ರಿಕೋನದಂತೆ. ಸಾಲಾಗಿ ಮೂರು ತೋಡಿದರೆ ನೀರು ಯಾವ ಕಡೆ ಹರಿಯುತ್ತದೆ ಅಂತ ಹೇಳಲಾಗುವುದಿಲ್ಲ. ಬಾಯಿಯ ಎತ್ತರಗಳನ್ನು ಸರ್ವೆ ಮಾಡಿಸಿ, ಎಲ್ಲ ಬಾವಿಗಳ ನೀರಿನ ಮಟ್ಟವನ್ನು ಒಂದೇ ದಿನ ಅಳೆಯಿರಿ. ಇದಕ್ಕೆ ಇಂಟರ್‌ಫೇಸ್ ಪ್ರೋಬ್ ಅನ್ನುವ ಟೇಪು ಇದೆ. ಎಣ್ಣೆ ಮುಟ್ಟಿದಾಗ ಒಂದು ಸದ್ದು, ನೀರು ಮುಟ್ಟಿದಾಗ ಇನ್ನೊಂದು. ಎರಡರ ನಡುವಿನ ಅಂತರವೇ ಬಾವಿಯಲ್ಲಿ ತೇಲುವ ಪೆಟ್ರೋಲಿನ ದಪ್ಪ. ಪೆಟ್ರೋಲಿನ ಭಾರಕ್ಕೆ ಬಾವಿಯ ನೀರು ಕೆಳಗೆ ತಳ್ಳಿಸಿಕೊಂಡಿರುವುದರಿಂದ ಆ ದಪ್ಪದ ಮುಕ್ಕಾಲು ಪಾಲನ್ನು ನೀರಿನ ಮಟ್ಟಕ್ಕೆ ಕೂಡಿಸಬೇಕು. 20 ಸೆಂಟಿಮೀಟರ್ ಪೆಟ್ರೋಲ್ ಇದ್ದರೆ ನಿಜವಾದ ನೀರಿನ ಮಟ್ಟ ನೀವು ಓದಿದ್ದಕ್ಕಿಂತ 15 ಸೆಂಟಿಮೀಟರ್ ಮೇಲೆ. ಇದನ್ನು ಮರೆತರೆ ಹರಿವಿನ ದಿಕ್ಕೇ ಉಲ್ಟಾ ಬರಬಹುದು.

ಬಾವಿಯಲ್ಲಿ ಕಂಡ ದಪ್ಪವನ್ನು ಇಡೀ ಜಾಗಕ್ಕೆ ಗುಣಿಸಿ "ಇಷ್ಟು ಸಾವಿರ ಲೀಟರ್ ಇದೆ" ಅನ್ನುವ ವರದಿಗಳೂ ಬರುತ್ತವೆ. ನಂಬಬೇಡಿ. ಪೆಟ್ರೋಲ್ ಮಣ್ಣಿನ ಸಂದುಗಳನ್ನು ಪೂರ್ತಿ ತುಂಬಿಕೊಂಡಿರುವುದಿಲ್ಲ, ನೀರು, ಗಾಳಿಯ ಜೊತೆ ಹಂಚಿಕೊಂಡಿರುತ್ತದೆ. ಸಣ್ಣ ಕಣದ ಮಣ್ಣಿನಲ್ಲಂತೂ ಬಾವಿ ತುಂಬಾ ಉಬ್ಬಿಸಿ ಹೇಳುತ್ತದೆ.

ಹಂತ 4: ತೇಲುವ ಪೆಟ್ರೋಲ್ ತೆಗೆಯುವುದು

ಬಾವಿಯಲ್ಲಿ ತೇಲುವ ಪದರ ಕಂಡರೆ ಅದೇ ಮೊದಲ ಗುರಿ. ತೆಳುವಾಗಿದ್ದರೆ ಬೇಲರ್, ಅಂದರೆ ಹಗ್ಗಕ್ಕೆ ಕಟ್ಟಿದ ಉದ್ದ ಕೊಳವೆಯಿಂದ ಮೊಗೆಯಬಹುದು. ಜಾಸ್ತಿಯಿದ್ದರೆ ಸ್ಕಿಮ್ಮರ್ ಪಂಪ್ ಹಾಕುತ್ತಾರೆ. ಅದು ಮೇಲಿನ ಎಣ್ಣೆಯನ್ನಷ್ಟೇ ಹೀರುತ್ತದೆ. ಪದರ ದೊಡ್ಡದಾಗಿ, ಮಣ್ಣು ಬಿಗಿಯಾಗಿದ್ದರೆ ಎಣ್ಣೆ, ನೀರು, ಆವಿ ಮೂರನ್ನೂ ಒಂದೇ ಬಾರಿಗೆ ಬಲವಾದ ವ್ಯಾಕ್ಯೂಮಿನಿಂದ ಎಳೆಯುವ ವಿಧಾನ ಒಳ್ಳೆಯದು.

ಎಡವುವುದು ಇಲ್ಲಿ: ಬೇಗ ಮುಗಿಸುವ ಆತುರದಲ್ಲಿ ದೊಡ್ಡ ಪಂಪ್ ಹಾಕಿ ನೀರಿನ ಮಟ್ಟವನ್ನು ಮೀಟರುಗಟ್ಟಲೆ ಇಳಿಸುತ್ತಾರೆ. ನೀರು ಇಳಿದ ಹಾಗೆ ಪೆಟ್ರೋಲೂ ಇಳಿದು ಅದುವರೆಗೆ ಸ್ವಚ್ಛವಾಗಿದ್ದ ಮಣ್ಣಿಗೆ ಮೆತ್ತಿಕೊಳ್ಳುತ್ತದೆ. ಪಂಪ್ ನಿಲ್ಲಿಸಿ ನೀರು ಮೇಲೆ ಬಂದಾಗ ಅದರಲ್ಲಿ ಒಂದು ಪಾಲು ನೀರಿನಡಿಯಲ್ಲೇ ಸಿಕ್ಕಿಬೀಳುತ್ತದೆ. ಮಳೆಗಾಲ ಬೇಸಿಗೆಗಳ ಏರಿಳಿತದಿಂದಲೂ ಹೀಗೆ ಒಂದು ಮೆತ್ತಿದ ಪದರ ಆಗಿಯೇ ಇರುತ್ತದೆ. ನಾವೇ ಅದನ್ನು ಇನ್ನಷ್ಟು ದಪ್ಪ ಮಾಡುವುದು ಬೇಡ.

ಎತ್ತಿದ ಪೆಟ್ರೋಲ್ ಸಂಗ್ರಹಿಸುವ ಡ್ರಮ್ಮಿಗೂ ಪಂಪಿಗೂ ಅರ್ಥಿಂಗ್ ಕೊಡಿ. ಪಂಪ್, ಸ್ವಿಚ್, ದೀಪ ಎಲ್ಲವೂ ಕಿಡಿ ಹಾರದ, ಸ್ಫೋಟ ನಿರೋಧಕ ಬಗೆಯವೇ ಆಗಿರಬೇಕು. ಡಿಟರ್ಜೆಂಟ್ ಸುರಿದು "ತೊಳೆಯುವ" ಸಲಹೆ ಯಾರಾದರೂ ಕೊಟ್ಟರೆ ಬೇಡ ಅನ್ನಿ. ಅಂಟಿಕೊಂಡು ಒಂದು ಕಡೆ ನಿಂತಿದ್ದನ್ನು ಬಿಡಿಸಿ, ನೀರಿನ ಜೊತೆ ಪಕ್ಕದವರ ಬಾವಿಗೆ ಕಳಿಸಿದ ಹಾಗಾಗುತ್ತದೆ.

ಹಂತ 5: ಮಣ್ಣಿನ ಕೆಲಸ

ಎರಡು ದಾರಿ: ಅಗೆದು ತೆಗೆಯುವುದು, ಇಲ್ಲವೇ ಇದ್ದಲ್ಲೇ ಗಾಳಿ ಹಾಯಿಸುವುದು.

ಕೆಟ್ಟ ಮಣ್ಣು ನಾಲ್ಕೈದು ಮೀಟರ್ ಆಳದೊಳಗೆ, ಚಿಕ್ಕ ಜಾಗದಲ್ಲಿ, ಮೇಲೆ ಕಟ್ಟಡವಿಲ್ಲದೆ ಇದ್ದರೆ ಅಗೆದುಬಿಡಿ. ವಾರಗಳಲ್ಲಿ ಮುಗಿಯುತ್ತದೆ, ಅನುಮಾನ ಉಳಿಯುವುದಿಲ್ಲ. ಹೊಂಡದ ಗೋಡೆ ಕುಸಿಯದಂತೆ ಆಸರೆ, ಗುಂಡಿಯಲ್ಲಿ ಗ್ಯಾಸ್ ಮೀಟರ್, ಪಕ್ಕದ ಅಡಿಪಾಯಗಳ ಮೇಲೆ ಕಣ್ಣು ಬೇಕು. ಒಳ್ಳೆಯ ಮಣ್ಣು, ಕೆಟ್ಟ ಮಣ್ಣು ಬೇರೆ ಬೇರೆ ರಾಶಿ ಹಾಕಿ. ಕೆಟ್ಟ ರಾಶಿಯ ಅಡಿಗೂ ಮೇಲೂ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಿ. ಬಿಸಿಲಿಗೆ ಹರವಿ ಆರಿಸಿದರೆ ಸ್ವಚ್ಛವಾಗುತ್ತದೆ ನಿಜ, ಆದರೆ ಆ ಬೆಂಜೀನ್ ಕೆಲಸಗಾರರ ಮೂಗಿಗೇ ಹೋಗುತ್ತದೆ. ಅದರ ಬದಲು ರಾಶಿಯೊಳಗೆ ತೂತಿನ ಪೈಪ್ ಇಟ್ಟು ಗಾಳಿ ಎಳೆದು, ತೇವ ಕಾಪಾಡಿ, ಗೊಬ್ಬರದ ಸಾರ ಕೊಟ್ಟು ಬ್ಯಾಕ್ಟೀರಿಯಾದಿಂದ ತಿನ್ನಿಸಬಹುದು. ಇದಕ್ಕೆ ಬಯೋಪೈಲ್ ಅನ್ನುತ್ತಾರೆ. ಇಂಗಾಲ 100 ಪಾಲಿಗೆ ಸಾರಜನಕ 10, ರಂಜಕ 1 ಅನ್ನುವುದು ಚಾಲ್ತಿಯಲ್ಲಿರುವ ಅಂದಾಜು. ಹೊಂಡ ಮುಚ್ಚುವ ಮುಂಚೆ ತಳದಿಂದಲೂ ನಾಲ್ಕೂ ಗೋಡೆಗಳಿಂದಲೂ ಸ್ಯಾಂಪಲ್ ತೆಗೆದು ವರದಿ ಇಟ್ಟುಕೊಳ್ಳಿ. ಮುಚ್ಚಿದ ಮೇಲೆ ಅದನ್ನು ಯಾರಿಗೂ ತೋರಿಸಲಾಗುವುದಿಲ್ಲ.

ಆಳ ಜಾಸ್ತಿ, ಮೇಲೆ ಶೆಡ್ಡು, ಮಣ್ಣು ಮರಳು ಮರಳಾಗಿದೆ ಅಂದರೆ ಆವಿ ಎಳೆಯುವ ವಿಧಾನ ಹಾಕಿ. ನನ್ನ ಮಟ್ಟಿಗೆ ಪೆಟ್ರೋಲಿಗೆ ಇದಕ್ಕಿಂತ ಹೊಂದುವ ಉಪಾಯ ಇನ್ನೊಂದಿಲ್ಲ. ಯಾಕೆಂದರೆ ಆವಿಯಾಗುವುದೇ ಪೆಟ್ರೋಲಿನ ಸ್ವಭಾವ. ನೀರಿನ ಮಟ್ಟದ ಮೇಲಿನ ಒಣ ಮಣ್ಣಿನಲ್ಲಿ ಸೀಳು ಪೈಪ್ ನೆಟ್ಟು, ಬ್ಲೋವರಿನಿಂದ ಗಾಳಿ ಎಳೆಯುತ್ತಾರೆ. ಮಣ್ಣಿನ ಮೂಲಕ ಹೊಸ ಗಾಳಿ ಹಾಯುತ್ತದೆ, ಅಂಟಿದ್ದು ಆವಿಯಾಗಿ ಬರುತ್ತದೆ.

ಇದರಲ್ಲಿ ಇನ್ನೊಂದು ಲಾಭವಿದೆ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳು ಪೆಟ್ರೋಲ್ ತಿನ್ನುತ್ತವೆ, ಆಮ್ಲಜನಕ ಇದ್ದರೆ ಚೆನ್ನಾಗಿ ತಿನ್ನುತ್ತವೆ. ಒಂದು ಲೀಟರ್ ಪೆಟ್ರೋಲನ್ನು ಅವು ಪೂರ್ತಿ ತಿಂದು ಮುಗಿಸಲು ಸುಮಾರು ಎರಡೂವರೆ ಕಿಲೋ ಆಮ್ಲಜನಕ ಬೇಕು. ನೀರಿನ ಮೂಲಕ ಅಷ್ಟು ಒದಗಿಸಬೇಕಾದರೆ, ಲೀಟರಿಗೆ 8 ಮಿಲಿಗ್ರಾಂ ಲೆಕ್ಕದಲ್ಲಿ, 3 ಲಕ್ಷ ಲೀಟರಿಗೂ ಹೆಚ್ಚು ನೀರು ಹಾಯಿಸಬೇಕು. ಗಾಳಿಯ ಮೂಲಕವಾದರೆ ಹತ್ತು ಘನ ಮೀಟರ್, ಅಂದರೆ ಒಂದು ಪುಟ್ಟ ಕೋಣೆಯಷ್ಟು ಗಾಳಿ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನೀರು ಎತ್ತುವುದರ ಬದಲು ಗಾಳಿ ಹಾಯಿಸಿ ಅಂತ ನಾನು ಯಾಕೆ ಹಟ ಹಿಡಿಯುತ್ತೇನೆ ಅನ್ನುವುದು ತಿಳಿಯುತ್ತದೆ. ಆವಿ ಬರುವುದು ಕಡಿಮೆಯಾದ ಮೇಲೆ ಗಾಳಿಯ ವೇಗ ತಗ್ಗಿಸಿ, ಬ್ಯಾಕ್ಟೀರಿಯಾಗಳಿಗೆ ಬೇಕಾದಷ್ಟೇ ಕೊಡುತ್ತಾ ಹೋಗಬಹುದು. ಅವು ಕೆಲಸ ಮಾಡುತ್ತಿವೆಯಾ ಅಂತ ನೋಡಲು ಬ್ಲೋವರ್ ನಿಲ್ಲಿಸಿ, ಮಣ್ಣಿನ ಗಾಳಿಯಲ್ಲಿ ಆಮ್ಲಜನಕ ಎಷ್ಟು ಬೇಗ ಇಳಿಯುತ್ತದೆ ಅಂತ ಅಳೆಯಿರಿ. ಬೇಗ ಇಳಿದರೆ ತಿನ್ನುತ್ತಿವೆ. ಇಳಿಯದಿದ್ದರೆ ತಿನ್ನಲು ಏನೂ ಉಳಿದಿಲ್ಲ, ಇಲ್ಲವೇ ಮಣ್ಣು ತುಂಬಾ ಒಣಗಿದೆ.

ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಮಾರಲು ಬರುವವರಿದ್ದಾರೆ. ಪೆಟ್ರೋಲ್ ಬಿದ್ದು ಹಳೆಯದಾದ ಮಣ್ಣಿನಲ್ಲಿ ಅದನ್ನು ತಿನ್ನುವವು ಆಗಲೇ ಹೆಚ್ಚಿಕೊಂಡಿರುತ್ತವೆ. ಕೊರತೆ ಇರುವುದು ಅವಕ್ಕೆ ಬೇಕಾದ ಗಾಳಿಗೆ.

ಗಮನಿಸಬೇಕಾದ ತೊಂದರೆಗಳು ಕೆಲವಿವೆ. ವ್ಯಾಕ್ಯೂಮ್ ಹೆಚ್ಚಿದ ಹಾಗೆ ಬಾವಿಯ ಸುತ್ತ ನೀರೂ ಮೇಲೇರುತ್ತದೆ. 100 ಸೆಂಟಿಮೀಟರ್ ನೀರಿನಷ್ಟು ವ್ಯಾಕ್ಯೂಮ್ ಕೊಟ್ಟರೆ ನೀರು ಹೆಚ್ಚುಕಡಿಮೆ ಒಂದು ಮೀಟರ್ ಏರಿ ಸೀಳುಗಳನ್ನು ಮುಳುಗಿಸಬಹುದು. ನೀರಿನ ಮಟ್ಟ ಮೇಲೇ ಇರುವ ಜಾಗದಲ್ಲಿ ಇದು ದೊಡ್ಡ ಅಡ್ಡಿ. ನೆಲ ಬಿರುಕಾಗಿದ್ದರೆ ಗಾಳಿ ಪೈಪಿನ ಪಕ್ಕದಿಂದಲೇ ಒಳಗೆ ನುಗ್ಗಿ ಸುತ್ತುತ್ತದೆ, ದೂರದ ಮಣ್ಣಿಗೆ ತಾಗುವುದೇ ಇಲ್ಲ. ಹಾಗಾಗಿ ಮೇಲ್ಮೈಗೆ ಕಾಂಕ್ರೀಟು ಅಥವಾ ಹಾಳೆಯ ಮುಚ್ಚಳ ಬೇಕು. ಜೇಡಿಮಣ್ಣಿನಲ್ಲಿ ಗಾಳಿ ಹಾಯುವುದೇ ಕಷ್ಟ. ಮೊದಲು ಒಂದೇ ಬಾವಿಯಲ್ಲಿ ಪ್ರಯೋಗ ಮಾಡಿ, ಸುತ್ತಲಿನ ಕೊಳವೆಗಳಲ್ಲಿ ವ್ಯಾಕ್ಯೂಮ್ ಎಷ್ಟು ದೂರ ತಲುಪುತ್ತದೆ ನೋಡಿ, ಆಮೇಲೆ ಉಳಿದ ಬಾವಿಗಳ ಅಂತರ ನಿಗದಿ ಮಾಡಿ.

ಎಳೆದ ಆವಿಯನ್ನು ಹಾಗೇ ಆಕಾಶಕ್ಕೆ ಬಿಡುವಂತಿಲ್ಲ. ಮೊದಮೊದಲು ಅದು ಹೊತ್ತಿಕೊಳ್ಳುವಷ್ಟು ಗಾಢವಾಗಿರಬಹುದು. ಹೊಸ ಗಾಳಿ ಬೆರೆಸಿ ಎಲ್‌ಇಎಲ್‌ನ ಕಾಲು ಪಾಲಿಗಿಂತ ಕೆಳಗಿಡಿ. ಗಾಢವಾಗಿರುವಾಗ ಸುಟ್ಟು ಶುದ್ಧ ಮಾಡುವ ಘಟಕ, ತೆಳುವಾದ ಮೇಲೆ ಆಕ್ಟಿವೇಟೆಡ್ ಕಾರ್ಬನ್, ಅಂದರೆ ಆವಿಯನ್ನು ಹಿಡಿದಿಟ್ಟುಕೊಳ್ಳುವ ಇದ್ದಿಲು, ಸರಿ. ಮೊದಲೇ ಕಾರ್ಬನ್ ಹಾಕಿದರೆ ಅದು ಬೇಗ ತುಂಬಿಹೋಗುತ್ತದೆ, ಬಿಸಿಯೂ ಆಗುತ್ತದೆ.

ಹಂತ 6: ಈಗ ನೀರು

ಮೇಲಿನ ಮೂಲ ಹೋದ ಮೇಲೆ ನೀರು ಎಷ್ಟೋ ಕಡೆ ತನ್ನಷ್ಟಕ್ಕೆ ಸುಧಾರಿಸತೊಡಗುತ್ತದೆ. ಕ್ಯಾಲಿಫೋರ್ನಿಯಾದ ಸೋರಿಕೆ ಜಾಗಗಳ ಬಗ್ಗೆ 1995ರಲ್ಲಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ ಕೊಟ್ಟ ವರದಿ ಇದನ್ನೇ ತೋರಿಸಿತು. ಬೆಂಜೀನ್ ಕರಗಿದ ನೀರಿನ ಬಾಲ ಮೂಲದಿಂದ ಸುಮಾರು 250 ಅಡಿ ದಾಟಿ ಹೋಗುವುದು ಅಪರೂಪ. ಬ್ಯಾಕ್ಟೀರಿಯಾಗಳು ದಾರಿಯಲ್ಲೇ ತಿಂದು ತಡೆಯುತ್ತವೆ. ಆದರೆ ಎಂಟಿಬಿಇ ಹಾಗಲ್ಲ. ನೀರಿನಲ್ಲಿ ಚೆನ್ನಾಗಿ ಕರಗಿ, ಮಣ್ಣಿಗೆ ಅಂಟದೆ, ನೀರಿನ ವೇಗದಲ್ಲೇ ಓಡುತ್ತದೆ. 1996ರಲ್ಲಿ ಅದೇ ರಾಜ್ಯದ ಸಾಂಟಾ ಮೋನಿಕಾ ನಗರ ಎಂಟಿಬಿಇ ಕಾರಣಕ್ಕೆ ತನ್ನ ಕುಡಿಯುವ ನೀರಿನ ಬಾವಿಗಳನ್ನು ಮುಚ್ಚಬೇಕಾಯಿತು. ಎಥನಾಲ್ ಬೆರೆತ ಪೆಟ್ರೋಲಿನದು ಇನ್ನೊಂದು ತಕರಾರು. ಬ್ಯಾಕ್ಟೀರಿಯಾಗಳು ಎಥನಾಲನ್ನೇ ಮೊದಲು ತಿಂದು ಆಮ್ಲಜನಕ ಮುಗಿಸುತ್ತವೆ, ಬೆಂಜೀನ್ ಮುಂದೆ ಸಾಗುತ್ತದೆ, ಜೊತೆಗೆ ಮೀಥೇನ್ ಹುಟ್ಟುತ್ತದೆ.

ತಾನಾಗಿ ಸುಧಾರಿಸುವ ವೇಗ ಸಾಲದಿದ್ದರೆ ಸಹಾಯ ಕೊಡಬೇಕು. ಮರಳು ನೆಲದಲ್ಲಿ ನೀರಿನ ಮಟ್ಟದ ಕೆಳಗೆ ಗಾಳಿ ಊದುವುದು ಒಳ್ಳೆಯ ದಾರಿ. ಗಾಳಿ ಏರುತ್ತಾ ಬೆಂಜೀನನ್ನು ಹೊತ್ತು ತರುತ್ತದೆ, ಆಮ್ಲಜನಕವನ್ನೂ ಬಿಟ್ಟುಹೋಗುತ್ತದೆ. ಎರಡು ಷರತ್ತು. ತೇಲುವ ಪೆಟ್ರೋಲ್ ಇನ್ನೂ ಇದ್ದರೆ ಊದಬೇಡಿ, ಅದು ಹರಡುತ್ತದೆ. ಮೇಲೆ ಆವಿ ಎಳೆಯುವ ವ್ಯವಸ್ಥೆ ಇಲ್ಲದೆಯೂ ಊದಬೇಡಿ, ಆ ಆವಿ ಹತ್ತಿರದ ಕಚೇರಿ ಕೋಣೆಯ ನೆಲದ ಬಿರುಕಿನಲ್ಲಿ ಎದ್ದು ಬರುತ್ತದೆ.

ಗಾಳಿ ಊದಲಾಗದ ಕಡೆ ನಿಧಾನಕ್ಕೆ ಆಮ್ಲಜನಕ ಬಿಡುವ ಮೆಗ್ನೀಸಿಯಮ್ ಅಥವಾ ಕ್ಯಾಲ್ಸಿಯಮ್ ಪೆರಾಕ್ಸೈಡ್ ಪುಡಿಯನ್ನು ಬಾವಿಗಳಲ್ಲಿ ಇಳಿಸುತ್ತಾರೆ. ಆಮ್ಲಜನಕ ಇಲ್ಲದೆಯೂ ಸಲ್ಫೇಟ್ ಬಳಸಿ ಬೆಂಜೀನ್ ತಿನ್ನುವ ಬ್ಯಾಕ್ಟೀರಿಯಾಗಳಿವೆ. ಸಲ್ಫೇಟ್ ನೀರಿನಲ್ಲಿ ಆಮ್ಲಜನಕಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕರಗುವುದರಿಂದ ಈ ದಾರಿಯೂ ಚಾಲ್ತಿಯಲ್ಲಿದೆ.

ರಾಸಾಯನಿಕ ಹಾಕಿ ಒಡೆಯುವುದು ಬೇಗ ಆಗುತ್ತದೆ, ಅಪಾಯವೂ ಜಾಸ್ತಿ. ಹೈಡ್ರೋಜನ್ ಪೆರಾಕ್ಸೈಡ್ ಗಾಢ ಪೆಟ್ರೋಲಿನ ಜೊತೆ ಸೇರಿದರೆ ಬಿಸಿಯೂ ಅನಿಲವೂ ಒಮ್ಮೆಲೇ ಎದ್ದು ಬರಬಹುದು. ಅನುಭವವಿಲ್ಲದವರ ಕೈಗೆ ಇದನ್ನು ಕೊಡಬೇಡಿ. ಪರ್ಮಾಂಗನೇಟ್ ಅಗ್ಗವೆಂದು ಯಾರಾದರೂ ಹೇಳಿದರೆ, ಅದು ಬೆಂಜೀನನ್ನು ಮುಟ್ಟುವುದಿಲ್ಲ ಅನ್ನುವುದು ನೆನಪಿರಲಿ. ಚುರುಕುಗೊಳಿಸಿದ ಪರ್ಸಲ್ಫೇಟ್ ಕೆಲಸ ಮಾಡುತ್ತದೆ. ಯಾವುದನ್ನು ಹಾಕಿದರೂ ಮಣ್ಣಿನಲ್ಲಿ ಮೊದಲೇ ಇರುವ ಸಾವಯವ ವಸ್ತು ಅದರಲ್ಲಿ ದೊಡ್ಡ ಪಾಲನ್ನು ತಿಂದುಹಾಕುತ್ತದೆ. ಎಷ್ಟು ಬೇಕು ಅಂತ ಲ್ಯಾಬಿನಲ್ಲಿ ನಿಮ್ಮದೇ ಮಣ್ಣಿನ ಮೇಲೆ ಪರೀಕ್ಷಿಸಿ.

ಹಾಗಾದರೆ ಪಂಪಿಗೆ ಕೆಲಸವೇ ಇಲ್ಲವಾ? ಇದೆ. ಕಲುಷಿತ ನೀರು ಯಾರದೋ ಬಾವಿಯ ಕಡೆ ಹೊರಟಿದ್ದರೆ ನಡುವೆ ಬಾವಿ ತೋಡಿ, ಪಂಪ್ ಮಾಡಿ, ಹರಿವನ್ನು ತನ್ನ ಕಡೆ ಸೆಳೆದು ತಡೆಯಬಹುದು. ಅಲ್ಲಿ ಪಂಪು ಬೇಲಿಯ ಕೆಲಸ ಮಾಡುತ್ತದೆ, ಸ್ವಚ್ಛ ಮಾಡುವುದು ಅದರ ಕೆಲಸವಲ್ಲ. ಎತ್ತಿದ ನೀರನ್ನು ಎಣ್ಣೆ ಬೇರ್ಪಡಿಸುವ ತೊಟ್ಟಿ, ಗಾಳಿ ಹಾಯಿಸುವ ಗೋಪುರ, ಕಾರ್ಬನ್ ದಾಟಿಸಿ, ಅನುಮತಿ ಪಡೆದೇ ಹೊರಗೆ ಬಿಡಿ.

ಹಂತ 7: ಅಳೆಯುತ್ತಾ ಇರುವುದು, ಮುಗಿಸುವುದು

ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಎಲ್ಲ ಬಾವಿಗಳಿಂದ ನೀರು ತೆಗೆಯಿರಿ. ಬಿಟಿಇಎಕ್ಸ್ ಜೊತೆಗೆ ಕರಗಿದ ಆಮ್ಲಜನಕ, ನೈಟ್ರೇಟ್, ಕರಗಿದ ಕಬ್ಬಿಣ, ಸಲ್ಫೇಟ್, ಮೀಥೇನ್ ಕೂಡ ಅಳೆಯಿರಿ. ಕಲುಷಿತ ಜಾಗದ ನಡುವೆ ಆಮ್ಲಜನಕ, ಸಲ್ಫೇಟ್ ಬತ್ತಿಹೋಗಿ, ಕಬ್ಬಿಣ, ಮೀಥೇನ್ ಏರಿದ್ದರೆ ಬ್ಯಾಕ್ಟೀರಿಯಾಗಳು ದುಡಿಯುತ್ತಿವೆ ಅಂತ ಅರ್ಥ. ಬೆಂಜೀನ್ ಇಳಿದದ್ದು ಬರೀ ಮಳೆನೀರು ಬೆರೆತು ತೆಳುವಾದದ್ದರಿಂದಲ್ಲ ಅಂತ ಇಲಾಖೆಗೆ ತೋರಿಸಲು ಈ ಅಂಕಿಗಳೇ ಬೇಕು. ಹೋಲಿಸುವಾಗ ಮಳೆಗಾಲದ ಅಂಕಿಯನ್ನು ಮಳೆಗಾಲದ್ದಕ್ಕೇ ಹೋಲಿಸಿ.

ಅಂಕಿ ಇಳಿದು ನೆಲಕಚ್ಚಿತು ಅಂತ ಮಾರನೇ ದಿನವೇ ಯಂತ್ರ ಬಿಚ್ಚಬೇಡಿ. ನಿಲ್ಲಿಸಿ, ಕೆಲವು ತಿಂಗಳು ಕಾದು, ನೀರಿನ ಮಟ್ಟ ಏರಿ ಇಳಿಯುವ ಒಂದು ಸುತ್ತು ಮುಗಿದ ಮೇಲೆ ಮತ್ತೆ ಅಳೆಯಿರಿ. ಎಷ್ಟೋ ಕಡೆ ಬೆಂಜೀನ್ ತಿರುಗಿ ಮೇಲೇಳುತ್ತದೆ. ಜೇಡಿ ಪದರಗಳ ಒಳಗೆ, ಮೆತ್ತಿದ ಪದರದಲ್ಲಿ ಅವಿತಿದ್ದು ನಿಧಾನಕ್ಕೆ ಹೊರಬರುತ್ತಿದೆ ಅಂತ ಇದರ ಅರ್ಥ. ಹಾಗಾದರೆ ಯಂತ್ರವನ್ನು ಬಿಟ್ಟು ಬಿಟ್ಟು ಓಡಿಸಿ, ಇಲ್ಲವೇ ಉಳಿದ ಆ ಜಾಗಕ್ಕೇ ಬೇರೆ ಉಪಾಯ ಹುಡುಕಿ. ಇಡೀ ಸೈಟಿಗೆ ಹಳೇ ಯಂತ್ರವನ್ನೇ ಇನ್ನೈದು ವರ್ಷ ಓಡಿಸಿದರೆ ಕರೆಂಟ್ ಬಿಲ್ ಕಟ್ಟುವುದೇ ಆಗುತ್ತದೆ.

ಕಾಲದ ಅಂದಾಜು: ಹೊಂದುವ ಮಣ್ಣಿನಲ್ಲಿ ಆವಿ ಎಳೆಯುವುದಕ್ಕೆ ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷ. ನೀರು ತಾನಾಗಿ ಸುಧಾರಿಸುವುದಕ್ಕೆ ವರ್ಷಗಳು, ಕೆಲವು ಕಡೆ ದಶಕ. ಮೂರು ತಿಂಗಳಲ್ಲಿ ಮಣ್ಣು, ನೀರು ಎರಡನ್ನೂ ಮುಗಿಸಿಕೊಡುತ್ತೇವೆ ಅನ್ನುವ ಗುತ್ತಿಗೆದಾರರಿಗೆ, ಯಂತ್ರ ನಿಲ್ಲಿಸಿ ಒಂದು ವರ್ಷದ ನಂತರದ ನೀರಿನ ವರದಿ ನೋಡಿ ಕೊನೆಯ ಕಂತು ಕೊಡುತ್ತೇವೆ ಅಂತ ಕರಾರಿನಲ್ಲೇ ಬರೆಸಿ.

ಗುರಿ ಮುಟ್ಟಿದ ಮೇಲೆ ಇಲಾಖೆಯಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸ್ವಲ್ಪ ಮಣ್ಣು ಕಟ್ಟಡದಡಿ ಉಳಿದಿದ್ದರೆ ಅದನ್ನು ನಕ್ಷೆಯಲ್ಲಿ ಗುರುತಿಸಿ ಜಾಗದ ದಾಖಲೆಗಳ ಜೊತೆ ಇಡಿ. ಮುಂದೆ ಅಲ್ಲಿ ಅಗೆಯುವವರಿಗೆ ಗೊತ್ತಾಗಬೇಕು. ಕೊನೆಗೆ ವೀಕ್ಷಣಾ ಬಾವಿಗಳನ್ನು ತಳದಿಂದ ಮೇಲಿನವರೆಗೆ ಸಿಮೆಂಟ್, ಬೆಂಟೊನೈಟ್ ಗಾರೆ ತುಂಬಿ ಮುಚ್ಚಿಸಿ. ಮೇಲಿನಿಂದ ಸುರಿದರೆ ನಡುವೆ ಪೊಳ್ಳು ಉಳಿಯುತ್ತದೆ. ಪೈಪನ್ನು ತಳದವರೆಗೆ ಇಳಿಸಿ, ಅಲ್ಲಿಂದ ತುಂಬಿಕೊಂಡು ಬರಬೇಕು.